ಯಾರೂ ಹೇಳದೆ ಹೋದಾಗ

ನಮ್ಮಜ್ಜಿ ಮಾಯ್ಮು ಹೀಯುಮಾ ದ್ವೀಪದಲ್ಲಿ
ಬಾಗಿಲಿಗೆ ಬೀಗ ಹಾಕಿದವಳಲ್ಲ.
ಹೊರಗೆ ಹೊರಟರೆ ಒಂದು ಪೊರಕೆಯನ್ನು
ಕದಕ್ಕೆ ಒರಗಿಸುತ್ತಿದ್ದಳು: ಮನೆಯಲ್ಲಿ ಯಾರೂ ಇಲ್ಲ.
ಬಂದವರು ಓದಿಕೊಂಡು ತಿರುಗುತ್ತಿದ್ದರು,
ಮೀನು ತಂದವರು ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು.

ತಾರ್ತುವಿನಲ್ಲಿ ಮೂರನೇ ಮಹಡಿ, ಜನವರಿ. ನಾಲ್ಕಕ್ಕೇ ಕತ್ತಲೆ.
ಎದುರಿಗೆ ಸೆಟ್ಟಿಂಗ್ಸ್ ಕಡತ, ಅದರ ನಲವತ್ತೊಂದನೇ ಸಾಲು.
ನಾಲ್ಕು ಸೊನ್ನೆ, ನಡುವೆ ಮೂರು ಚುಕ್ಕೆ,
ಕೋಳಿಮೊಟ್ಟೆಗಳ ಹಾಗೆ ಸಾಧುವಾಗಿ ಕೂತಿವೆ.
ಅರ್ಥ ಮಾತ್ರ: ಎಲ್ಲ ದಿಕ್ಕಿನಿಂದ, ಯಾರು ಬೇಕಾದರೂ.

ಬರೆದವಳು ನಾನೇ. ಆರು ವರ್ಷದ ಹಿಂದೆ,
ಒಂದು ಶುಕ್ರವಾರ, ಸೌನಾಕ್ಕೆ ಹೊತ್ತಾಗಿತ್ತು,
ಪರೀಕ್ಷೆ ಮುಗಿಯುವ ತನಕ ಇರಲಿ ಎಂದು.

ಪೈಡೆಯ ಪಶುವೈದ್ಯ ಹೆಲ್ಡುರ್ ಫೋನ್ ಮಾಡಿದ್ದ.
ಹನ್ನೊಂದು ವರ್ಷದ ದಾಖಲೆ, ಹಸುಗಳ ಜ್ವರ,
ಕರು ಹಾಕಿದ ದಿನ, ಚುಚ್ಚುಮದ್ದು, ಒಂದೂ ಇಲ್ಲ.
ಉಳಿದದ್ದು ಒಂದು ಕೋಷ್ಟಕ, ಅದರಲ್ಲಿ ಒಂದೇ ಸಾಲು:
ಇಷ್ಟು ಹಣ, ಈ ವಿಳಾಸಕ್ಕೆ.
"ನಾನೇನೂ ತೆರೆದಿರಲಿಲ್ಲ" ಎಂದ. ಮತ್ತೆ ಮತ್ತೆ ಅದನ್ನೇ.
"ಮುಂದೆ, ಮುಂದೆ ಅಂತ ಒತ್ತುತ್ತಾ ಹೋದೆ, ಅಷ್ಟೆ."

ನಿಜ. ಅವನು ಬರುವ ಮೊದಲೇ ತೆರೆದಿತ್ತು.

ಲಾಗ್ ನೋಡಿದೆ. ಮೂರು ನಿಮಿಷಕ್ಕೊಮ್ಮೆ ಯಾರೋ ಕದ ತಟ್ಟಿದ್ದಾರೆ,
ಊರಿಲ್ಲ, ಹೆಸರಿಲ್ಲ, ದಣಿವೂ ಇಲ್ಲ.
ಇವರ ಕಣ್ಣಿಗೆ ಪೊರಕೆ ಬಿದ್ದರೆ ಅದೇ ಆಮಂತ್ರಣ.

ಕೈಡೋ ತಲೆಯಲ್ಲಾಡಿಸುತ್ತಾನೆ: "ಮುಚ್ಚಿ ಕೊಟ್ಟರೆ
ಮರುದಿನವೇ ನೂರು ದೂರು. ಕನೆಕ್ಟ್ ಆಗ್ತಿಲ್ಲ, ಕನೆಕ್ಟ್ ಆಗ್ತಿಲ್ಲ."
ಬರಲಿ. ಬೈದುಕೊಂಡೇ ಹುಡುಕಲಿ ಅಗುಳಿ ಎಲ್ಲಿದೆಯೆಂದು,
ತಮ್ಮ ಕೈಯಾರೆ ಸರಿಸಲಿ. ಯಾರಿಗೆ, ಎಷ್ಟು,
ಆ ಹತ್ತು ನಿಮಿಷವಾದರೂ ಯೋಚಿಸಲಿ.
ಬೈಗುಳಕ್ಕೆ ಉತ್ತರ ಬರೆಯಬಹುದು.
ಹೆಲ್ಡುರನಿಗೆ ಏನು ಬರೆಯಲಿ?

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು. ಗೊತ್ತು.
ಆದರೆ ಇನ್ನೂ ಕಟ್ಟದ ಊರುಗಳಿವೆ,
ನಾಳೆ ಇದನ್ನು ಇಳಿಸಿಕೊಂಡು ಓದದೆ ಒತ್ತುವವರು.
ಅವರ ಮೌನ ಸಮ್ಮತಿಯಲ್ಲ.

ಸೊನ್ನೆಗಳನ್ನು ಅಳಿಸಿದೆ.
ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು:
ಯಂತ್ರ ತನ್ನ ಮಾತಷ್ಟೇ ತಾನು ಕೇಳಿಸಿಕೊಳ್ಳುವ ವಿಳಾಸ.
ಕೆಳಗೊಂದು ಟಿಪ್ಪಣಿ: ಹೊರಗಿನವರು ಬೇಕಿದ್ದರೆ ಹೆಸರಿಡಿದು ಕರೆಯಿರಿ.

ಅಜ್ಜಿ ಇದ್ದಿದ್ದರೆ ನಗುತ್ತಿದ್ದಳು. ಅವಳ ಮನೆಯನ್ನೀಗ
ಬೇಸಿಗೆಯಲ್ಲಿ ಬಾಡಿಗೆಗೆ ಕೊಡುತ್ತೇವೆ.
ಬಾಗಿಲಿಗೆ ನಾಲ್ಕಂಕಿಯ ಬೀಗ,
ಕಂಪನಿಯವರು ಕೊಟ್ಟಾಗ ನಾಲ್ಕೂ ಸೊನ್ನೆ.
ಬದಲಾಯಿಸಿದ್ದೆನಾ?
ಕೋಟಿನ ಒಂದು ತೋಳಿಗೆ ಕೈ ತೂರಿಸಿ ನಿಂತಿದ್ದೇನೆ.