ಕೆಂಪು ಸುತ್ತು

ಹನ್ನೊಂದು ವರ್ಷ ಚೀಟಿಗೆ ಕಾದು
ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ
ವಯೋಮಿಂಗಿನ ಆ ಒಂದು ಯೂನಿಟ್ಟನ್ನು ಹಾಸಿಕೊಂಡು ಕೂತೆ.
ಎಲ್ಲಿ ನೀರು, ಎಲ್ಲಿ ಬೇಲಿ, ಗಾಳಿ ಎತ್ತ ತಿರುಗುತ್ತದೆ—
ಅರಣ್ಯ ಕಚೇರಿಯ ವೆರ್ಲಾಗೆ ನನ್ನ ದನಿ ಬಾಯಿಪಾಠ.
ಕೊನೆಗೆ ಒಂದು ಕೊರಕಲಿಗೆ ಕೆಂಪು ಸುತ್ತು.

ಅಕ್ಟೋಬರ್. ನಸುಕು. ದಾರಿ ಮುಗಿಯುವಲ್ಲಿ
ಯಾರದೋ ಹಳೇ ಟ್ರಕ್ಕು,
ಗಾಜಿನ ಮೇಲೆ ಬೆರಳುದಪ್ಪ ಹಿಮ.
ರಾತ್ರಿಯೇ ಬಂದವನು.
ಬೈದೆ, ಮನಸ್ಸಿನಲ್ಲೇ.
ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿ
ಎದುರು ದಿಬ್ಬ ಹತ್ತಿದೆ, ಎಲ್ಕ್ ಇಲ್ಲದ ದಿಬ್ಬ.

ಮೂರು ಗಂಟೆಗೆ ಒಂದೇ ಗುಂಡು, ಕೊರಕಲಿನಿಂದ.

ಇಳಿದು ಹೋದೆ. ಮುದುಕ, ಥೋರ್ವಾಲ್ಡ್ ಅಂತೆ, ಏದುಸಿರು.
ಹಿಂಗಾಲೊಂದನ್ನು ಹೆಗಲಿಗೇರಿಸಿ
ಕತ್ತಲಲ್ಲಿ ಮುಂದೆ ನಡೆದೆ:
ಎಡಕ್ಕೆ ಬಂಡೆ. ಆಮೇಲೆ ಒರತೆ, ಜಾರುತ್ತೆ, ಹುಷಾರು.

ಮೊದಲ ಸಲ ಬಂದವನಿಗೆ ಇದೆಲ್ಲ ಹೇಗೆ ಗೊತ್ತೆಂದು
ಅವನು ಕೇಳಲಿಲ್ಲ.