ಎಂಟನೆಯ ಮುಖ

ಎಂಟನೆಯ ಮುಖಕ್ಕೆ ನಿಲ್ಲುತ್ತಿತ್ತು.
ಹಣೆ ಬರುತ್ತಿತ್ತು, ಹುಬ್ಬು ಬರುತ್ತಿತ್ತು,
ಮೂಗಿನ ಹತ್ತಿರ ಬಿಳಿ ಪರದೆ.
ಅಷ್ಟರಲ್ಲಿ ನಾನು ಎದುರಿನ ಅಂಗಡಿಗೆ ಹೋಗಿ
ಅರ್ಧ ಟೀ ಕುಡಿದು ಬರುತ್ತಿದ್ದೆ.
ಶಿವಮೊಗ್ಗದ ಗಾರ್ಡನ್ ಏರಿಯಾದಲ್ಲಿ
ಫ್ಲೆಕ್ಸ್ ಮಾಡಿಸುವವರಿಗೆಲ್ಲ ಗೊತ್ತು:
ಹಾಲೇಶನ ಹತ್ತಿರ ಹೋದರೆ ಏಳೇ ಮುಖ.
ಉಳಿದವರು ಕೆಳಗೆ, ಸಣ್ಣ ಅಕ್ಷರದಲ್ಲಿ,
'ಮತ್ತು ಗೆಳೆಯರ ಬಳಗ'.

ತಬಸ್ಸುಮ್ ಹದಿನೆಂಟು ತಿರುಪು ಬಿಚ್ಚಿ
ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಟ್ಟಳು,
ಯಾವ ತೂತಿನದು ಯಾವುದೆಂದು ನೆನಪಿರುವಂತೆ.
"ನಿಮ್ಮದಕ್ಕೆ ಗ್ರಾಫಿಕ್ಸ್ ಬೇರೆ ಇಲ್ಲ, ಅಣ್ಣ.
ಲೆಕ್ಕ ಮಾಡೋನೂ ಚಿತ್ರ ಬರೆಯೋನೂ
ಒಂದೇ ಚಿಪ್ಪಿನೊಳಗೆ ಸಂಸಾರ.
ಇಬ್ಬರಿಗೂ ಸೇರಿ ಒಂದೇ ರ‍್ಯಾಮು,
ಅವನು ಉಣ್ಣುವಾಗ ಇವನು ಕಾಯಬೇಕು.
ಕಣ್ಣು ಬದಲಾಯಿಸಬೇಕಂದ್ರೆ
ತಲೆಯನ್ನೇ ಬದಲಾಯಿಸಬೇಕು."

"ಆಗುತ್ತಾ?"
"ಹಳೇದಾದ್ದಕ್ಕೆ ಆಗುತ್ತೆ.
ಈಗಿನವು ಬೋರ್ಡಿಗೇ ಬೆಸುಗೆ,
ಹುಟ್ಟುಗುಣ ಸುಟ್ಟರೂ ಹೋಗಲ್ಲ."

ಫ್ಯಾನ್ ತೆಗೆದಳು. ಅದರ ಬಾಯ ತುಂಬ
ಹತ್ತು ವರ್ಷದ ಧೂಳು, ಹರಿದ ಹಾಸಿಗೆಯ ಹತ್ತಿಯ ಹಾಗೆ.
ತಾಮ್ರದ ಪಟ್ಟಿಯಡಿ ಒಣಗಿದ ಪೇಸ್ಟನ್ನು
ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದಾಗ
ಚಿಪ್ಪಿನ ಬೆನ್ನು ಹೊಳೆದು ನನ್ನ ಮುಖ ಕಂಡಿತು,
ಹುಣಸೆ ಬೀಜದಷ್ಟು.

ತಿರುಪು ಅರ್ಧ ಸುತ್ತು. ಅಷ್ಟೇ.
ಹಿಡಿತ ಬಿಟ್ಟು ಮೇಲೆ ಬಂತು.
ಏನಾದರೂ ಶಬ್ದ ಆಗುತ್ತದೆ ಅಂದುಕೊಂಡಿದ್ದೆ.

ಬದಲಿಗೆ ತಂದದ್ದು
ಸವಳಂಗ ರಸ್ತೆಯ ಕಾಲೇಜೊಂದು ತೂಕಕ್ಕೆ ಹಾಕಿದ
ಲ್ಯಾಪ್‌ಟಾಪಿನದು. ನಾಲ್ಕು ಕೋರು.
ಒಂದು ಪಿನ್ನು ಬಾಗಿತ್ತು.
ಕಡ್ಡಿ ತೆಗೆದ ಪೆನ್ಸಿಲ್ಲಿನ ಕೊಳವೆಯಿಂದ, ಉಸಿರು ಬಿಗಿಹಿಡಿದು,
ಅದನ್ನು ನೆಟ್ಟಗೆ ಮಾಡುವಾಗ
ಹೊರಗೆ ಯಾರೋ ಹಾರ್ನ್ ಹೊಡೆದರು.
ಅವಳು ಬೈಯಲಿಲ್ಲ, ನಾನು ಬೈದೆ.

ಮೊದಲ ಸಲ ಕತ್ತಲೆ.
ಎರಡನೇ ಸಲ ಕತ್ತಲೆ, ಮೂರು ಬೀಪು.
ರ‍್ಯಾಮು ಕಿತ್ತು, ಮಗಳ ಎರೇಸರಿನಿಂದ ಉಜ್ಜಿ, ಮತ್ತೆ ಒತ್ತಿದಳು.
ಪರದೆ ಬೆಳಗಿತು.
ನಾನು ಎದ್ದು ನಿಂತಿದ್ದೆನೆಂದು ಆಮೇಲೆ ಗೊತ್ತಾಯಿತು.

"ಸುಳ್ಳು ಹೇಳಲ್ಲ ಅಣ್ಣ," ಎಂದಳು ದುಡ್ಡು ಎಣಿಸುತ್ತ,
"ಲೆಕ್ಕದವನು ಹೊಸಬ.
ಚಿತ್ರದವನು ಅದೇ ಮನೆತನ,
ಸ್ವಲ್ಪ ಕೈ ಚುರುಕು, ಅಷ್ಟೆ.
ಬಿಸಿ ಜಾಸ್ತಿ. ತೊಡೆ ಮೇಲೆ ಇಟ್ಕೋಬೇಡಿ."
ಹಳೆಯದನ್ನು ಮೊಬೈಲ್ ಬ್ಯಾಟರಿಯ ಖಾಲಿ ಪೆಟ್ಟಿಗೆಯಲ್ಲಿ
ಹಾಕಿ ಕೊಟ್ಟಳು. ಯಾಕೆಂದು ನಾನೂ ಕೇಳಲಿಲ್ಲ.

ರಾತ್ರಿ ಹೊಸಮನೆ ಕ್ರಿಕೆಟ್ ತಂಡದ ಬ್ಯಾನರು.
ಆರು. ಏಳು.
ಎಂಟಕ್ಕೆ ಮೂಗು ಬಂತು, ಮೀಸೆಯೂ.
ಒಂಬತ್ತಕ್ಕೆ ತುಸು ಏದುಸಿರು.
ಹನ್ನೊಂದಕ್ಕೆ ಫ್ಯಾನು ಥೇಟ್ ಕುಕ್ಕರು.
ನಾಯಕನಿಗೆ ಫೋನ್ ಮಾಡಿದೆ:
ನೀರಿನ ಕ್ಯಾನ್ ಹೊರುವ ಹುಡುಗ ಇದ್ದಾನಲ್ಲ,
ಹೋದ ವರ್ಷ 'ಬಳಗ'ಕ್ಕೆ ಸೇರಿಸಿದ್ದೆವಲ್ಲ,
ಅವನದೊಂದು ಫೋಟೊ ಕಳಿಸು.
"ಅವನದಾ?" ಎಂದ. ಸ್ವಲ್ಪ ಹೊತ್ತು ಬಿಟ್ಟು,
"ನಮ್ಮಲ್ಲಿ ಯಾರ ಹತ್ರಾನೂ ಇಲ್ಲ ಕಣಣ್ಣ.
ನಾಳೆ ಹೊಡೆದು ಕಳಿಸ್ತೀನಿ."

ಹನ್ನೆರಡನೆಯ ಚೌಕ ಬಿಳಿಯಾಗಿಯೇ ಇದೆ.
ಎದುರಿನ ಟೀ ಅಂಗಡಿ ಬಾಗಿಲು ಹಾಕಿದೆ.
ಬಂದ್ ಮಾಡಿದ ಮೇಲೂ
ಫ್ಯಾನು ಸ್ವಲ್ಪ ಹೊತ್ತು ತಿರುಗಿತು.