ಗೇಟಿನವನು ಹೇಳಿದ್ದು

ಪೊನ್ನುರಂಗ ಈಗ ಸಾಹೇಬ.
ಬಾಗಿಲಿಗೆ ಹಿತ್ತಾಳೆ ಹಲಗೆ; ಹಲಗೆಯ ಮೇಲಿನ
ಎರಡು ಇನಿಷಿಯಲ್ಲುಗಳ ಹಿಂದೆ ಬಚ್ಚಿಟ್ಟುಕೊಂಡಿದೆ
ಗೌತಮಪುರದ ಒಂದು ಗಲ್ಲಿ.

ನಾನು ಬಾಣಸವಾಡಿ ಕಡೆಯ ಗೇಟಿನವನು.
ಹಸಿರು ಬಾವುಟ, ಕೆಂಪು ಬಾವುಟ, ಒಂದು ಲಾಟೀನು,
ಒಂದು ಫೋನು. ಹಿಡಿ ತಿರುಗಿಸಿದರೆ ಆ ಕಡೆ
ಸ್ಟೇಷನ್ ಮಾಸ್ತರು ಕೆಮ್ಮುತ್ತಾರೆ.
ಆಗಲೂ ನಾನು ಕಾಯುತ್ತಿದ್ದದ್ದು ಗೇಟೇ ಅನ್ನಿ:
ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಹಿಂದೆ ಹರಿದ ಬಲೆ.

ಶಿವಾಜಿನಗರದ ಗುಜರಿಯಲ್ಲಿ ಮೂರು ರೂಪಾಯಿಗೆ
ಎಡಗಾಲಿನ ಬೂಟೊಂದೇ ಸಿಕ್ಕಿತು,
ಅದಕ್ಕೇ ಎಡಗಾಲಿನ ಆಟಗಾರನಾದೆ
ಎಂದು ಪೇಪರಿನವರಿಗೆ ಹೇಳುತ್ತಾನೆ.
ಸುಳ್ಳು. ಬೂಟು ಜೋಡಿಯೇ ಇತ್ತು.
ಬಲಗಾಲಿನದು ನನಗೆ ಕೊಟ್ಟ,
ಗೋಲ್ ಕಿಕ್ ಹೊಡೆಯೋದಕ್ಕೆ.

ಇಬ್ಬರನ್ನೂ ಒಂದೇ ದಿನ ತಗೊಂಡರು, ಸ್ಪೋರ್ಟ್ಸ್ ಕೋಟಾ.
ಎಸ್ಸೆಸ್ಸೆಲ್ಸಿ ಅವನು, ಕಂಟೋನ್ಮೆಂಟಿನಲ್ಲಿ ಟಿಕೆಟ್ ಕಲೆಕ್ಟರು.
ಏಳನೇ ಕ್ಲಾಸು ನಾನು, ಖಲಾಸಿ.
ಕರಿ ಕೋಟಿನೊಳಗೇ ಜೆರ್ಸಿ ಹಾಕಿಕೊಂಡು
ಮದ್ರಾಸ್ ಮೇಲ್ ಹೋದ ಕೂಡಲೇ ಮೈದಾನಕ್ಕೆ ಓಡುತ್ತಿದ್ದ.
ಜೇಬಿನಲ್ಲಿ ಹರಿದ ಟಿಕೆಟು ಚೂರುಗಳು;
ಹೆಡ್ ಮಾಡಲು ಎಗರಿದಾಗೆಲ್ಲ ಉದುರುತ್ತಿದ್ದವು.

ಆ ಫೈನಲ್.
ಎದುರಿಗೆ ಮಿಲಿಟರಿ ಟೀಮು, ಇನ್ನು ನಾಲ್ಕೇ ನಿಮಿಷ.
ಅವನ ಮಂಡಿ ಟಕ್ ಅಂದದ್ದು ನನಗೆ ಕೇಳಿಸಿತು,
ಅಷ್ಟು ದೂರಕ್ಕೆ, ಅಷ್ಟು ಜನರ ಕೂಗಿನ ನಡುವೆ.
ಕೇಳಿಸಿರಲಿಕ್ಕಿಲ್ಲ ಅನ್ನುತ್ತಾಳೆ ನನ್ನ ಹೆಂಡತಿ.
ಬಿದ್ದವನನ್ನೇ ನೋಡುತ್ತಾ ನಿಂತೆ.
ಚೆಂಡು ನನ್ನ ಪಕ್ಕದಲ್ಲೇ ಹೋಯಿತಂತೆ.

ರೈಲ್ವೆ ಆಸ್ಪತ್ರೆಯಲ್ಲಿ ಮೂರು ತಿಂಗಳು,
ಕಾಲಿಗೆ ಸಿಮೆಂಟು ಪಟ್ಟಿ, ಎದೆಯ ಮೇಲೆ ರೂಲು ಪುಸ್ತಕ.
ಪರೀಕ್ಷೆ ಬರೆದ. ಇನ್ನೊಂದು ಬರೆದ. ಒಂದರಲ್ಲಿ ಫೇಲಾಗಿ
ಮತ್ತೆ ಬರೆದ. ಕುರ್ಚಿ ದೊಡ್ಡದಾಗುತ್ತಾ ಹೋಯಿತು.
ಕಂಟ್ರೋಲಿನಲ್ಲಿ ಕೂತರೆ ಗೂಡ್ಸನ್ನು ಲೂಪಿಗೆ ಎಳೆದು
ಎಕ್ಸ್‌ಪ್ರೆಸ್ಸಿಗೆ ಸಂದು ಮಾಡಿಕೊಡುತ್ತಿದ್ದನಂತೆ.
ಎಲ್ಲರೂ ಹೊಗಳುತ್ತಾರೆ; ನನಗೇನೂ ಆಶ್ಚರ್ಯವಿಲ್ಲ.
ಆಟಗಾರ ಇರುವಲ್ಲಿಗೆ ಯಾವತ್ತು ಪಾಸು ಕೊಟ್ಟ ಅವನು?
ತಲುಪಬೇಕಾದ ಜಾಗಕ್ಕೇ ಕೊಡುತ್ತಿದ್ದ,
ತಲುಪದಿದ್ದರೆ ಬೈಯುತ್ತಿದ್ದ.

ಹೋದ ತಿಂಗಳು ಕಾಗದ ಬಂತು:
ಗೇಟು ರದ್ದು, ಅಂಡರ್‌ಪಾಸು ಮಂಜೂರು.
ಕೆಳಗೆ ಸಹಿ, ಎಡಕ್ಕೆ ವಾಲಿದ್ದು.

ಹಿಂದೆಯೇ ತಾನೂ ಬಂದ, ಟ್ರಾಲಿಯಲ್ಲಿ,
ಐದಾರು ಜನ ಎಂಜಿನಿಯರುಗಳ ಜೊತೆ.
ರಿಜಿಸ್ಟರು ನೋಡಿದ. ಬಾವುಟ ಬಿಚ್ಚಿಸಿ ನೋಡಿದ.
ಗುಡಿಸಲೊಳಗೆ ಮೊಳೆಗೆ ನೇತುಹಾಕಿದ ಬಲಗಾಲಿನ ಬೂಟು,
ಅದರಲ್ಲಿ ನಾನು ಬೆಂಕಿಪೊಟ್ಟಣ ಇಡುತ್ತೇನೆ.
ಅದನ್ನೂ ನೋಡಿದ, ಏನೂ ಅನ್ನಲಿಲ್ಲ.
ಮೋರಿ ಅಳತೆ ಮಾಡಿ ಬನ್ನಿ ಎಂದು
ಎಲ್ಲರನ್ನೂ ಅತ್ತ ಕಳಿಸಿದ.

‘ಡೇಯ್ ದೊರೈಕಣ್ಣು,
ಆ ಗೋಲು ಯಾಕೋ ಬಿಟ್ಟೆ?’

ಮೂವತ್ತೊಂದು ವರ್ಷ ಸಾಹೇಬ ಕೇಳಿರಲಿಲ್ಲ.
‘ಬಿಸಿಲು ಕಣ್ಣಿಗೆ ಹೊಡೀತು ಸಾರ್.’
‘ಅವತ್ತು ಮೋಡ ಇತ್ತಲ್ಲೋ.’

ಫೋನು ಬಡಿದುಕೊಂಡಿತು. ಗೂಡ್ಸು ಬಿಟ್ಟಿದ್ದಾರೆ.
ನಾನು ಗೇಟು ಇಳಿಸಿದೆ, ಅವನು ಹಳಿ ದಾಟಿ
ಮೋರಿಯ ಕಡೆ ಹೋದ, ಆ ಮಂಡಿ ಎಳೆದುಕೊಂಡು.
ನಡುವೆ ನಲವತ್ತೆರಡು ವ್ಯಾಗನ್ನು ಹಾದವು.
ಒಂದೊಂದು ಸಂದಿನಲ್ಲೂ ಅವನು ಇತ್ತಲೇ ನೋಡುತ್ತಿದ್ದ,
ಕೊಡೆ ಮಡಚಿಕೊಂಡು, ಭಾರವೆಲ್ಲ ಎಡಗಾಲ ಮೇಲೆ.

ಕೊನೆಯ ಡಬ್ಬಿಗೆ ಹಲಗೆ ಇದೆಯಾ ನೋಡಿದೆ. ಇತ್ತು.
ಒಳಗೆ ಬಂದು ಟೈಮು ಬರೆದೆ,
ಪಕ್ಕದಲ್ಲಿ ದಿನಾ ಬರೆಯುವುದನ್ನೇ ಬರೆದೆ:
ಗಾಡಿ ಪೂರ್ತಿ ದಾಟಿತು.